ಕೈ ಮುಗಿದರೆ ಬೆಳಗುವ ಶಾಲು

ಈ ಸಂಗತಿಯ ಮೊದಲ ತುಂಡನ್ನು ನನಗೆ ಹೇಳಿದವಳು ನನ್ನ ಮನೆಯಾಕೆ. ಅವತ್ತು ನಾನು ನೂಲು ತರಲು ಕನಕಪುರಕ್ಕೆ ಹೋಗಿದ್ದೆ. ನಮ್ಮ ಮನೆಯಲ್ಲಿ ನಗುವಂಥದ್ದು ಶುರುವಾಗುವುದೇ ನಾನು ಹೊಸಿಲು ದಾಟಿದ ಮೇಲೆ. ಹಿಂದಿರುಗಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನಾನೂ ಅದರೊಳಗೆ ಸಿಕ್ಕಿಕೊಂಡಿರುತ್ತೇನೆ.

ಮರಳವಾಡಿ ಕಡೆಯ ಊರು ನಮ್ಮದು. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಗೆ ತಾಗಿದ ಕೋಣೆಯಲ್ಲಿ ಎರಡು ಕೈಮಗ್ಗ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ಇತ್ತ ಕೈಮಗ್ಗಗಳು ಒಂದೊಂದಾಗಿ ಅಟ್ಟ ಸೇರುತ್ತಿದ್ದವು. ನನ್ನ ಜೊತೆ ಒಂದೇ ಹಲಗೆಯ ಮೇಲೆ ಕೂತು ಏಳನೇ ಕ್ಲಾಸು ಓದಿದ ಪಕ್ಕದ ಮನೆಯ ಗೆಳೆಯನೂ ಪವರ್‌ಲೂಮ್ ಹಾಕಿಸಿ, ದಿನಕ್ಕೊಂದು ಸಲ ನಮ್ಮ ಬಾಗಿಲಿಗೆ ಬಂದು, "ಏನ್ಲಾ, ಇನ್ನೂ ನಿನ್ನೆ ಶುರು ಮಾಡಿದ ಮಾರನ್ನೇ ನೇಯ್ತಿದ್ದೀಯಾ?" ಎಂದು ಕೇಳಿ ಹೋಗುತ್ತಿದ್ದ.

೧. ಸ್ಟೀಲಿನ ನೂಲು

ಬೆಂಗಳೂರಿನ ಕಾಲೇಜೊಂದರಲ್ಲಿ ಬಟ್ಟೆಯ ವಿನ್ಯಾಸ ಓದುತ್ತಿದ್ದ ಹುಡುಗಿಯೊಬ್ಬಳು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಳಂತೆ. ಚೀಲದಿಂದ ಹೊಳೆಯುವ ನೂಲಿನ ಉಂಡೆ ತೆಗೆದು, "ಆಂಟಿ, ರೇಷ್ಮೆ ಜೊತೆ ಇದನ್ನೂ ಸೇರಿಸಿ ಒಂದು ಶಾಲು ನೇಯ್ದುಕೊಡ್ತೀರಾ?" ಎಂದಳಂತೆ.

ನನ್ನ ಮನೆಯಾಕೆ ಜರಿ ನೋಡುವುದರಲ್ಲಿ ಪಳಗಿದವಳು. ಎಳೆಯನ್ನು ಉಗುರಿನಿಂದ ಕೆರೆದಳು, ಮೂಸಿದಳು, ತುದಿಯನ್ನು ದೀಪಕ್ಕೆ ಹಿಡಿದಳು. ಕೊನೆಗೆ ಮರುಕದಿಂದ, "ಇದು ಜರಿ ಅಲ್ಲ ಕಣವ್ವ. ನಿಂಗೆ ಯಾರೋ ಟೋಪಿ ಹಾಕವ್ರೆ" ಎಂದಳು.

"ಜರಿ ಅಲ್ಲ ಆಂಟಿ, ಸ್ಟೀಲು. ಇದರೊಳಗೆ ಕರೆಂಟ್ ಹರಿಯುತ್ತೆ."

"ಸ್ಟೀಲಾ? ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳೋರ್ನ ಕಂಡಿದ್ದೀನಿ. ಸ್ಟೀಲ್ ಕೊಟ್ಟು ಬಟ್ಟೆ ತಗೊಳ್ಳೋಳು ನೀನೇ ಮೊದ್ಲು!"

ನಾನು ಮನೆಗೆ ಬಂದಾಗ ಹುಡುಗಿ ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿದಳು. ಶಾಲಿನ ಅಂಚಿನಲ್ಲಿ ಎರಡು ಸ್ಟೀಲಿನ ಎಳೆ, ಒಂದಕ್ಕೊಂದು ತಾಗದಂತೆ ಪಕ್ಕಪಕ್ಕದಲ್ಲಿ ಓಡಬೇಕು. ಆ ಅಂಚನ್ನು ಅಂಗೈಗಳ ನಡುವೆ ಹಿಡಿದು ಕೈ ಮುಗಿದರೆ, ನಮ್ಮ ಮೈಯೇ ಆ ಎರಡು ಎಳೆಗೆ ಸೇತುವೆ. ಆಗ ಸೆರಗಿನಲ್ಲಿ ನೇಯ್ದ ಒಂಬತ್ತು ಮಾವಿನಕಾಯಿಗಳ ಕೆಳಗೆ ಹೊಲಿದ ಸಾಸಿವೆ ಕಾಳಿನಂಥ ದೀಪಗಳು ಬೆಳಗುತ್ತವೆ. ಪರೀಕ್ಷಕರು ಶಾಲು ಹೊದ್ದು ಕೈ ಮುಗಿದಾಗ ಅದು ಬೆಳಗಿದರೆ ಪಾಸು. ಇಲ್ಲದಿದ್ದರೆ ಇಡೀ ವರ್ಷ ಮತ್ತೆ ಓದಬೇಕು. ಪವರ್‌ಲೂಮಿನವರ ಹತ್ತಿರ ಮೂರು ಸಲ ನೇಯಿಸಿದಳಂತೆ, ಮೂರು ಸಲವೂ ಎಳೆ ಕಿತ್ತುಹೋಯಿತಂತೆ.

"ನಿಧಾನವಾಗಿ ನೇಯೋರು ಬೇಕು ಅಂಕಲ್" ಎಂದಳು.

ಮನೆಯಾಕೆ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಹಂಗಾರೆ ಸರಿಯಾದ ಮನೆಗೇ ಬಂದಿದ್ದೀಯ ಮಗ. ನಮ್ಮನೆಯೋರಷ್ಟು ನಿಧಾನ ಇಡೀ ಹೋಬಳೀಲೇ ಯಾರೂ ಇಲ್ಲ."

೨. ಯಾವ ಲೈನು?

ಶಾಲು ಮುಗಿಯುವ ಹೊತ್ತಿಗೆ ಹುಡುಗಿ ಮನೆಯ ಮಗಳೇ ಆಗಿಬಿಟ್ಟಿದ್ದಳು. ದೀಪ ಹೊಲಿದು, ಕೈಗಡಿಯಾರಕ್ಕೆ ಹಾಕುವ ಗುಂಡಿಯಂಥ ಶೆಲ್ಲನ್ನೂ ಪುಟ್ಟ ಸರ್ಕ್ಯೂಟನ್ನೂ ಅಂಚಿನ ಮಡಿಕೆಯಲ್ಲಿ ಅಡಗಿಸಿ, "ಅಂಕಲ್, ಮೊದಲು ನೀವೇ ಹೊದ್ದುಕೊಳ್ಳಿ" ಎಂದಳು.

ಗೆಳೆಯನೂ ನೋಡಲು ಬಂದಿದ್ದ. ಮುಂಜಾಗ್ರತೆಗೆ ರಬ್ಬರ್ ಚಪ್ಪಲಿ ಬಿಡದೆ, ಹೊಸಿಲಾಚೆಯೇ ನಿಂತಿದ್ದ. "ಲೇ, ಹುಷಾರು ಕಣ್ಲಾ. ಕರೆಂಟು ದೇವರಲ್ಲ, ಕೈ ಮುಗಿದ್ರೆ ಬುಡಾಕೆ" ಎಂದ.

ನಾನು ಕುಲದೇವರನ್ನು ನೆನೆದು ಅಂಚು ಹಿಡಿದು ಕೈ ಮುಗಿದೆ. ಅದೇ ಹೊತ್ತಿಗೆ ಊರಲ್ಲೆಲ್ಲ ಕರೆಂಟು ಹೋಯಿತು. ಪಕ್ಕದ ಮನೆಯ ಪವರ್‌ಲೂಮ್ ಸದ್ದು ಗಕ್ಕನೆ ನಿಂತಿತು. ನನ್ನ ಹೆಗಲ ಮೇಲೆ ಮಾತ್ರ ಒಂಬತ್ತು ಮಾವಿನಕಾಯಿಗಳೂ ಹಣ್ಣಾದಂತೆ ಬೆಳಗಿದವು.

ಗೆಳೆಯ ಒಮ್ಮೆ ತನ್ನ ಮನೆ ಕಡೆ ನೋಡಿದ, ಒಮ್ಮೆ ನನ್ನ ಹೆಗಲು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು, ಹುಡುಗಿಯ ಹತ್ತಿರ ಮೆಲ್ಲಗೆ ಕೇಳಿದ: "ಅವ್ವಾ, ಇವನಿಗೆ ಯಾವ ಲೈನಿಂದ ಕೊಟ್ಟಿದ್ದೀಯ? ನಂಗೂ ಅಲ್ಲಿಂದ್ಲೇ ಒಂದು ಕನೆಕ್ಷನ್ ಕೊಡ್ಸು."

೩. ಅಮ್ಮ ಬಂದಳು

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮ ಮನೆಯಿಂದ ಕಳಿಸುವ ಪದ್ಧತಿಯಿಲ್ಲ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಮನೆಯಾಕೆ ಶಾಲನ್ನು ಕಬ್ಬಾಳಮ್ಮನ ಪಟದ ಮುಂದಿಟ್ಟು, ಅರಿಶಿನವನ್ನು ನೀರಿನಲ್ಲಿ ಕಲಸಿ ಅಂಚಿಗೆ ದಂಡಿಯಾಗಿ ಹಚ್ಚಿದಳು. ಕಣ್ಣು ಮುಚ್ಚಿ ತೆರೆಯುತ್ತಾಳೆ, ಶಾಲು ತಾನೇ ತಾನಾಗಿ ಬೆಳಗುತ್ತಿದೆ! "ಅಮ್ಮ ಬಂದವ್ಳೆ!" ಎಂದು ಬೀದಿಗೆ ಕೇಳುವಂತೆ ಕೂಗಿದಳು.

ನಾನು ತೋಟದಿಂದ ಬರುವಷ್ಟರಲ್ಲಿ ದೇವರ ಮನೆಯಿಂದ ಬೀದಿಯವರೆಗೆ ಹೆಂಗಸರು ನಿಂತಿದ್ದರು. ನಾಲ್ಕು ತೆಂಗಿನಕಾಯಿ ಒಡೆದಾಗಿತ್ತು. ಗೆಳೆಯ ಬಾಳೆಹಣ್ಣು ಹಿಡಿದು ಸಾಲಿನಲ್ಲಿದ್ದ. ಶಾಲು ಒಯ್ಯಲು ಬಂದ ಹುಡುಗಿ ಹೂವಿನ ಕೆಳಗಿದ್ದ ತನ್ನ ಪರೀಕ್ಷೆಯನ್ನು ಕಂಡು ಸಾಲು ಸೀಳಿಕೊಂಡು ಒಳಗೆ ಓಡಿದಳು.

"ಆಂಟಿ, ಅರಿಶಿನದ ನೀರು ಎರಡು ಎಳೆಗಳನ್ನ ಸೇರಿಸಿಬಿಟ್ಟಿದೆ. ಅದಕ್ಕೇ ಬೆಳಗ್ತಿರೋದು!"

ಮನೆಯಾಕೆ ಕದಲಲಿಲ್ಲ. "ಸೇರಿಸಿದ್ದು ಯಾವುದವ್ವ?"

"ಅರಿಶಿನ."

"ಅರಿಶಿನ ಯಾರದು?"

"ದೇವರದು..."

"ಮತ್ತೆ ನಾನೂ ಅದನ್ನೇ ತಾನೆ ಹೇಳಿದ್ದು?"

ಹುಡುಗಿ ಅಂಚು ಒರೆಸಿ, ನೆರಳಿನಲ್ಲಿ ಒಣಗಿಸಿ, ಹೊಸ ಶೆಲ್ಲು ಹಾಕಿದಳು. ಶಾಲು ಮತ್ತೆ ಮುಟ್ಟಿದರೆ ಮಾತ್ರ ಬೆಳಗತೊಡಗಿತು. ಸಾಲಿನಲ್ಲಿ ನಿಂತೇ ಇದ್ದ ಗೆಳೆಯ, "ನನ್ನ ಸರದಿ ಬಂದಾಗ್ಲೇ ಅಮ್ಮ ಹೊರಟೋಗ್ಬುಟ್ಲಲ್ಲ!" ಎಂದು ಬಾಳೆಹಣ್ಣನ್ನು ತಾನೇ ಸುಲಿದು ತಿಂದ.

೪. ಪರೀಕ್ಷೆ

ಮಾರನೆಯ ದಿನ ನಾನು, ಮನೆಯಾಕೆ, ಗೆಳೆಯ ಮೂವರೂ ಹುಡುಗಿಯ ಕಾಲೇಜಿಗೆ ಹೋದೆವು. ಹೊಸ ಬಟ್ಟೆ ಹೊರಗೆ ಹೊರಟರೆ ಜೊತೆಗೆ ತೀರ್ಥ ಒಯ್ಯುವುದು ನನ್ನ ರೂಢಿ. ಕಬ್ಬಾಳಮ್ಮನ ಗುಡಿಯ ತೀರ್ಥ ಒಂದು ಬಾಟಲಿಯಲ್ಲಿತ್ತು.

ಪರೀಕ್ಷೆಯ ಕೋಣೆಯೊಳಗೆ ಎ.ಸಿ. ಹಾಕಿ ಮಾಗಿಯ ಚಳಿ ಮಾಡಿಟ್ಟಿದ್ದರು. ಮೂವರು ಪರೀಕ್ಷಕರು. ಹಿರಿಯರು ಶಾಲು ಹೊದ್ದು, ಅಂಚು ಹಿಡಿದು ಕೈ ಮುಗಿದರು. ಬೆಳಗಲಿಲ್ಲ. ಅಂಗೈ ಉಜ್ಜಿ ಮತ್ತೆ ಮುಗಿದರು. ಊಹೂಂ.

ಹುಡುಗಿ ಆ ಚಳಿಯಲ್ಲೂ ಹಣೆಯ ಬೆವರು ಒರೆಸಿಕೊಂಡಳು. ಶಾಲು ತೆಗೆದುಕೊಂಡು ತಾನೇ ಅಂಚು ಹಿಡಿದಳು. ಥಟ್ಟನೆ ಬೆಳಗಿತು!

"ನಿನ್ನ ಕೈಗೆ ಮಾತ್ರ ಬೆಳಗೋ ಶಾಲಿಗೆ ನಾವು ಹೇಗಮ್ಮ ಅಂಕ ಕೊಡೋದು?" ಎಂದು ಹಿರಿಯರು ಪೆನ್ನು ತೆರೆದರು.

ಗೆಳೆಯ ನನ್ನ ಕಿವಿಯಲ್ಲಿ, "ಲೈನ್ ಹೋಗೈತೆ ಕಣ್ಲಾ" ಎಂದ.

ನಾನು ಯೋಚಿಸಿದೆ. ಮಗ್ಗದ ಮನೆಯಲ್ಲಿ ಎಲ್ಲರ ಕೈಯೂ ಸದಾ ಬೆವರಿರುತ್ತಿತ್ತು. ಈ ಹುಡುಗಿಯ ಕೈ ಭಯಕ್ಕೆ ಬೆವರಿದೆ. ಇವರದೋ ಹಪ್ಪಳದ ಹಾಗೆ ಒಣಗಿದೆ. ಅರಿಶಿನದ ನೀರೂ ನೆನಪಾಯಿತು. ಎದ್ದು ನಿಂತೆ. "ಸ್ವಾಮಿ, ಬರೆಯೋಕೆ ಮುಂಚೆ ಒಸಿ ತೀರ್ಥ ತಗೊಳ್ಳಿ."

ದೇವರ ಹೆಸರಲ್ಲಿ ಕೊಟ್ಟದ್ದನ್ನು ಬೇಡವೆನ್ನಲಾರದೆ ಹಿರಿಯರು ಕೈಯೊಡ್ಡಿದರು, ಕುಡಿದರು, ತಲೆಗೆ ಸವರಿಕೊಂಡರು. "ಈಗ ಕೈ ಮುಗೀರಿ" ಎಂದೆ. ಒಂಬತ್ತೂ ಮಾವಿನಕಾಯಿ ಬೆಳಗಿದವು.

ಎರಡನೆಯವರು ಮೇಡಮ್ಮು. ಹೇಳುವ ಮುಂಚೆಯೇ ಕೈಯೊಡ್ಡಿದರು. ಅವರಿಗೂ ಬೆಳಗಿತು. ಮೂರನೆಯವರು ಕನ್ನಡಕ ಸರಿಮಾಡಿಕೊಂಡು, "ನಾನು ಇದನ್ನೆಲ್ಲ ನಂಬೋದಿಲ್ಲ" ಎಂದು ಒಣ ಕೈಯಲ್ಲೇ ಹಿಡಿದರು. ಕತ್ತಲೆ. ಎಡಗೈ ಮೇಲೆ, ಬಲಗೈ ಮೇಲೆ, ಊದಿ, ಒತ್ತಿ ಎಲ್ಲ ನೋಡಿದರು. ಕೊನೆಗೆ ಆಚೀಚೆ ನೋಡಿ, "ಬರೀ ನೀರಿದ್ರೆ ಒಂಚೂರು ಕೊಡಿ" ಎಂದರು.

"ಬರೀ ನೀರಿಲ್ಲ ಸ್ವಾಮಿ. ಇರೋದು ತೀರ್ಥ ಒಂದೇ."

ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಬಲಗೈಯ ಕೆಳಗೆ ಎಡಗೈ ಇಟ್ಟು, ನಮ್ಮೂರ ಭಕ್ತರಿಗಿಂತ ಅಚ್ಚುಕಟ್ಟಾಗಿ ಒಡ್ಡಿದರು. ಶಾಲು ಬೆಳಗಿತು. ಹುಡುಗಿ ಅತ್ತಳು, ನಕ್ಕಳು, ಪಾಸಾದಳು.

ಹೊರಡುವಾಗ ಹಿರಿಯರು, "ಇದನ್ನ ಬಳಸೋ ವಿಧಾನವನ್ನ ಒಂದು ಚೀಟೀಲಿ ಬರೆದು ಶಾಲಿಗೆ ಹೊಲಿದುಬಿಡಮ್ಮ" ಎಂದರು. ಹುಡುಗಿ ಏನು ಬರೆಯುವುದೆಂದು ನಮ್ಮ ಕಡೆ ತಿರುಗಿದಳು. ಮನೆಯಾಕೆ ಹೇಳಿದಳು: "ಬರ್ಕೊಳವ್ವ. ಮೊದ್ಲು ಮಡಿ, ಆಮೇಲೆ ತೀರ್ಥ, ಆಮೇಲೆ ಶಾಲು. ಇಷ್ಟಾದ್ಮೇಲೂ ಬೆಳಗ್ದೆ ಇದ್ರೆ, ತಪ್ಪು ಹೊದ್ದೋರ್ದು!"

ಇದನ್ನು ಓದಿದವರು ನಾಲ್ಕು ಜನಕ್ಕೆ ಹೇಳಿ. ಹೇಳುವ ಮುಂಚೆ ಕೇಳುವವರ ಕೈಗೆ ಒಸಿ ನೀರು ಹಾಕಿ. ಒಣ ಕೈಯವರಿಗೆ ಈ ಕಥೆಯೂ ಬೆಳಗುವುದು ಕಷ್ಟ.