ಹಿತ್ತಲಲ್ಲಿ ಮಸೆದ ಕತ್ತರಿ

ದೇಶದ ಏಕೈಕ ಕತ್ತರಿ ಕಾರ್ಖಾನೆಯನ್ನು ವಿದೇಶಿ ಪೈಪೋಟಿಯಿಂದ ಕಾಪಾಡುವ ಸಲುವಾಗಿ ಹೊರದೇಶದ ಕತ್ತರಿಗಳ ಮೇಲೆ ಬೆಲೆಯ ನಾಲ್ಕು ಪಟ್ಟು ಸುಂಕ ವಿಧಿಸಲಾಯಿತು. ವಿದೇಶಿ ಯಾವುದು, ದೇಶೀಯ ಯಾವುದು ಎಂದು ಗುರುತಿಸಲು ಇಲಾಖೆಯು ಸರಳವಾದ ಪರೀಕ್ಷೆಯೊಂದನ್ನೂ ಗೊತ್ತುಪಡಿಸಿತು: ಬಟ್ಟೆಯನ್ನು ಕತ್ತರಿಸಿದರೆ ವಿದೇಶಿ, ಅಗಿದರೆ ದೇಶೀಯ. ಕಾರ್ಖಾನೆಯ ಮಾಲೀಕರು ಈ ಮಾನದಂಡವನ್ನು ಹೆಮ್ಮೆಯಿಂದ ಸ್ವಾಗತಿಸಿದರು.

ಟೈಲರನಿಗೆ ಇದರಿಂದ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಊರಿನವರು ಅಗಿದ ಅಂಗಿಗಳಿಗೆ ಒಗ್ಗಿಹೋಗಿದ್ದರು. ಆದರೆ ಭಾನುವಾರ ಮಗಳ ಮದುವೆ. ಅಳಿಯನ ಕೋಟು ಇನ್ನೂ ಮಡಿಸಿಟ್ಟ ಬಟ್ಟೆಯಾಗಿಯೇ ಇತ್ತು.

"ಕೋಟು ನಾನೇ ಹೊಲೀತೀನಿ ಅಂತ ಬೀಗರೆದುರು ಎದೆ ತಟ್ಟಿಕೊಂಡ್ರಲ್ಲ," ಎಂದಳು ಹೆಂಡತಿ. "ಈಗೇನು, ಹುಡುಗನಿಗೆ ಇಡೀ ಬಟ್ಟೆ ಸುತ್ತಿ ಕೂರಿಸ್ತೀರಾ?"

ಟೈಲರ್ ತನ್ನ ದೇಶೀಯ ಕತ್ತರಿಯನ್ನು ಹಿತ್ತಲಿಗೆ ಒಯ್ದು, ಬೆವರು ಕಿತ್ತುಬರುವಂತೆ ಕಲ್ಲಿಗೆ ಮಸೆದ. ಅಂಗಡಿಗೆ ಬಂದು ಬಟ್ಟೆಗೆ ಹಾಕಿದ್ದೇ ತಡ, ಸರ್ರನೆ ಹರಿಯಿತು. ಅಪರೂಪದ ಆ ಸದ್ದು ಕೇಳಿ ಬೀದಿಯಲ್ಲಿದ್ದ ಸುಂಕದ ಅಧಿಕಾರಿ ಒಳಗೆ ಬಂದು ಪರೀಕ್ಷಿಸಿದರು.

"ವಿದೇಶಿ."

"ಇಲ್ಲ ಸಾರ್, ನಮ್ಮ ಕಾರ್ಖಾನೇದೇ. ಹಿತ್ತಲಲ್ಲಿ ಒಂಚೂರು ಮಸೆದೆ, ಅಷ್ಟೇ."

"ಕಾರ್ಖಾನೆ ಮೇಲೆ ಅಪವಾದ ಹೊರಿಸಬೇಡಿ. ಹರಿತ ಬಂದದ್ದು ಹಿತ್ತಲಲ್ಲಿ ತಾನೇ?"

"ಹೌದು."

"ಅಂದಮೇಲೆ ಹಿತ್ತಲು ವಿದೇಶ."

ಸಂಜೆಯೊಳಗೆ ಆದೇಶ ಹೊರಬಿತ್ತು. ಹಿತ್ತಲ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಅಧಿಕಾರಿ ಕುಳಿತರು. ಟೈಲರನ ಹೆಂಡತಿಯನ್ನು ಪ್ರವಾಸದ ಉದ್ದೇಶವೇನೆಂದು ಕೇಳಲಾಯಿತು. ಪಾತ್ರೆ ತೊಳೆಯುವುದು ಎಂದಳು. ಅನುಮತಿ ದೊರೆಯಿತು.

"ನಿಮ್ಮನ್ನ ಕಟ್ಟಿಕೊಂಡಿದ್ದಕ್ಕೆ ವಿದೇಶ ನೋಡೋ ಯೋಗವೂ ಬಂತು," ಎಂದು ಗಂಡನಿಗೆ ಹೇಳಿ, ಸೀರೆ ಬದಲಿಸಿಕೊಂಡು ಹೋದಳು.

ಕತ್ತರಿಗೆ ಸುಂಕ ಕಟ್ಟಲಾಗದೆ ಟೈಲರ್ ವಿದೇಶದಲ್ಲೇ ಕೂತು ಕೋಟು ಮುಗಿಸಿದ. ಮದುವೆಯ ಬೆಳಿಗ್ಗೆ ಅಳಿಯ ಅಲ್ಲಿಗೇ ಹೋಗಿ ತೊಟ್ಟ. ಮೈಗೆ ಎರಕ ಹೊಯ್ದಂತೆ ಕೂತಿತು. ಬಾಗಿಲಲ್ಲಿ ಅಧಿಕಾರಿ ತಡೆದರು.

"ವಿದೇಶಿ ಕತ್ತರಿ ಹಾಯ್ದ ಬಟ್ಟೆಗೂ ಸುಂಕ ಉಂಟು. ಇಷ್ಟು ಚೆನ್ನಾಗಿ ಕೂತಿದೆ ಅಂದ್ರೆ ಬೇರೆ ಸಾಕ್ಷಿ ಬೇಕಾ? ಸುಂಕ ಕಟ್ಟಿ, ಇಲ್ಲಾ ಬಿಚ್ಚಿಡಿ."

ಟೈಲರ್ ಅಂಗಡಿ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಅವನು ಅಳಿಯನ ಕಿವಿಯಲ್ಲಿ ಹೇಳಿದ: "ಎಡಭುಜ ಇಳಿಬಿಡಪ್ಪ. ಹೊಟ್ಟೆ ಮುಂದಕ್ಕೆ. ಕತ್ತು ಒಂಚೂರು ಓರೆ."

ಕೋಟು ಮುದುಡಿತು. ಒಂದು ತೋಳು ಬೆರಳುಗಳನ್ನು ನುಂಗಿತು. ಅಧಿಕಾರಿಯ ಮುಖ ಅರಳಿತು. ಅಪ್ಪಟ ದೇಶೀಯವೆಂದು ಮುದ್ರೆ ಒತ್ತಿದರು.

"ಎಷ್ಟು ಹೊತ್ತು ಹೀಗಿರಬೇಕು ಮಾವ?"

"ದೇಶದೊಳಗೆ ಇರೋವರೆಗೆ," ಎಂದು ಅಧಿಕಾರಿಯೇ ಉತ್ತರಿಸಿದರು.

ಮದುವೆಮನೆಯಲ್ಲಿ ಮಗಳು ವರನನ್ನು ಒಮ್ಮೆ ನೋಡಿ, ತನ್ನ ಎಡಭುಜವನ್ನೂ ಇಳಿಬಿಟ್ಟಳು. ಬೀಗರಿಗೆ ಬೇಸರವಾಗಬಾರದೆಂದು ನೆಂಟರಿಷ್ಟರೂ ಇಳಿಬಿಟ್ಟರು. ನೆಟ್ಟಗೆ ನಿಂತಿದ್ದವನು ಫೋಟೋದವನೊಬ್ಬನೇ. ಕ್ಯಾಮೆರಾ ಸರಿಯಾಗಿ ಹಿಡಿಯಪ್ಪ ಎಂದು ಎಲ್ಲರೂ ಗದರಿದರು.

ಅವನು ಕ್ಷಮೆ ಕೇಳಿ, ಕ್ಯಾಮೆರಾ ಓರೆಮಾಡಿದ.