ಮಸಾಲೆ ಡಬ್ಬಿಯಲ್ಲಿ ಏಳು ಟ್ರಿಗರು

ನನ್ನ ತಮ್ಮ ಹುಚ್ಚನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಅವನು ಹೂಂ ಅನ್ನುವ ಮನುಷ್ಯ, ಅಷ್ಟೇ. ಯಾರು ಏನು ಕೇಳಿದರೂ ಹೂಂ. ಹಾರ್ಲೆಮಿನಲ್ಲಿ ಮನೆ ಕೊಳ್ಳುವಾಗ ಏಜೆಂಟಮ್ಮ ಮನೆ ನೋಡಲು ಕೊಟ್ಟ ಸಮಯ ಹದಿನೈದು ನಿಮಿಷ. ಈ ಡಚ್ ದೇಶದಲ್ಲಿ ಮನೆ ನೋಡುವುದೆಂದರೆ ಹಾಗೇ, ಮುಂದಿನ ಪಾಳಿಯವರು ಆಗಲೇ ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮವನು ಐದೇ ನಿಮಿಷಕ್ಕೆ ಹೂಂ ಅಂದ. ಉಳಿದ ಹತ್ತು ನಿಮಿಷ ಬಚ್ಚಲಿನ ನಲ್ಲಿ ತಿರುವುತ್ತ ನಿಂತಿದ್ದ. ಸಾಮಾನು ಸಾಗಿಸುವಾಗ ಗೊತ್ತಾಯಿತು, ಮೆಟ್ಟಿಲು ಎಷ್ಟು ಕಡಿದೆಂದರೆ ಮಲಗಲು ಹೋಗುವುದಕ್ಕೂ ತೆಂಗಿನ ಮರ ಹತ್ತುವುದಕ್ಕೂ ವ್ಯತ್ಯಾಸವಿಲ್ಲ! ಇಂಥವನು ಬೆರಳುದ್ದದ ಒಂದು ತುಂಡಿಗೆ ಹೂಂ ಅನ್ನಲು ಎಂಟು ತಿಂಗಳು ತೆಗೆದುಕೊಂಡ.

ನಾನು ಕಲಿತದ್ದು ಏಳನೆಯ ಇಯತ್ತೆ. ಅವನು ಇಂಜಿನಿಯರು. ಅವನನ್ನು ನೋಡಿ ನಗುವ ಅವಕಾಶ ನನಗೆ ಅಪರೂಪ, ಸಿಕ್ಕಾಗ ಬಿಟ್ಟವಳಲ್ಲ. ಹಾಗೆ ನಕ್ಕದ್ದಕ್ಕೆ ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಬರೆಯಬೇಕಾಗಿದೆ. ಇರಲಿ, ಮೊದಲು ನಗೋಣ.

ರೈಸ್‌ವೈಕಿನಲ್ಲಿ ಅವನ ಆಫೀಸು. ಅಲ್ಲಿಯವರದು ಒಂದು ಪೇಂಟ್‌ಬಾಲ್ ತಂಡ. ಪೇಂಟ್‌ಬಾಲ್ ಅಂದರೆ ಏನೆಂದು ಕೇಳುತ್ತೀರಾ? ಓದಿದ, ಸಂಬಳ ಬರುವ ದೊಡ್ಡ ಮನುಷ್ಯರು ಭಾನುವಾರ ಕಾಡಿಗೆ ಹೋಗಿ, ಮರದ ಹಿಂದೆ ಅಡಗಿ, ಗಾಳಿಯ ಬಂದೂಕಿನಿಂದ ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆಯುವ ಆಟ. ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ದಿನ ನಾವು ಇದನ್ನೇ ಬಕೆಟಿನಲ್ಲಿ ಆಡುತ್ತಿದ್ದೆವು. ಮೊದಲ ಸಲ ಅವನು ಆ ಬಂದೂಕನ್ನು ಚೀಲದಲ್ಲಿ ಹೊತ್ತು ಜೂಟರ್‌ಮೀರಿನ ನಮ್ಮ ಮನೆಗೆ ತಂದಾಗ ನಾನು ಹೌಹಾರಿದೆ.

"ತಮ್ಮಾ, ಮನಿಯಾಗ ಬಂದೂಕು ತಂದೀಯಲ್ಲೋ!"

"ಬಂದೂಕು ಅನ್ನಬಾರ್ದಕ್ಕಾ. ಮಾರ್ಕರ್ ಅನ್ನಬೇಕು."

"ಗ್ವಾಡಿ ಮ್ಯಾಲೆ ಬರಿಯೂದಾ?"

"ಮನಷ್ಯಾರ ಮ್ಯಾಲೆ."

ತಂಡ ಸೇರಿ ಎರಡು ವರ್ಷವಾದರೂ ಅವನಿಗೆ ಆಟದಲ್ಲಿ ಜಾಗ ಸಿಕ್ಕಿರಲಿಲ್ಲ. ಬೇಲಿಯ ಹೊರಗೆ ನಿಂತು ಉಳಿದವರ ಡಬ್ಬಿಗಳಿಗೆ ಬಣ್ಣದ ಗುಂಡು ತುಂಬಿಕೊಡುವುದೇ ಅವನ ಕೆಲಸ. ಯಾರು ತುಂಬುತ್ತೀರಿ ಎಂದು ಕ್ಯಾಪ್ಟನ್ ಕೇಳಿದಾಗ ಹೂಂ ಅಂದಿದ್ದನಲ್ಲ! ಸೆಪ್ಟೆಂಬರಿನ ಕೊನೆಯ ಭಾನುವಾರ ಮುಂದಿನ ವರ್ಷಕ್ಕೆ ಐದು ಜನರನ್ನು ಆರಿಸುತ್ತಾರೆಂದು ಸುದ್ದಿ ಬಂತು. ಆ ಐವರಲ್ಲಿ ಒಬ್ಬನಾಗಲೇಬೇಕೆಂದು ಅವನಿಗೆ ಹಟ ಹಿಡಿಯಿತು. ಹುಟ್ಟಿದಾಗಿನಿಂದ ಅವನು ಹಿಡಿದ ಮೊದಲ ಹಟ ಇದು. ಅದಕ್ಕೆ ಬೇಕಾದದ್ದು ಒಂದೇ, ಒಳ್ಳೆಯ ಟ್ರಿಗರು.

ಬಂದೂಕಿನ ಜೊತೆ ಬಂದದ್ದು ಸರಿಹೋಗದಿದ್ದರೆ ಅದನ್ನು ಬಿಚ್ಚಿ, ಬೇರೆಯವರು ಮಾಡಿ ಮಾರುವ ಟ್ರಿಗರನ್ನು ಹಾಕಿಕೊಳ್ಳಬಹುದಂತೆ. ಒಂದಲ್ಲ ಎರಡಲ್ಲ, ನೂರಾರು ನಮೂನೆ! ತರಿಸಿದ. ಹಗಲು ಮನೆಯಲ್ಲಿ ಇರುವವಳು ನಾನೆಂದು ನನ್ನ ವಿಳಾಸಕ್ಕೇ ತರಿಸಿದ. ನಾನು ಅಂಗಡಿಗೆ ಹೋಗಿದ್ದರೆ ಪೋಸ್ಟಿನವನು ಪಕ್ಕದ ಮನೆಯ ಡಚ್ ಅಜ್ಜಿಯ ಕೈಗೆ ಕೊಟ್ಟುಹೋಗುತ್ತಿದ್ದ. ಅಜ್ಜಿ ಮೊದಲ ಪೊಟ್ಟಣವನ್ನು ನಗುತ್ತ ಕೊಟ್ಟರು. ಮೂರನೆಯದನ್ನು ಕೊಡುವಾಗ "ಆಲ್‌ವೇರ್?" ಅಂದರು, ಅಂದರೆ "ಮತ್ತೆ ಬಂತೇ?" ಐದನೆಯದಕ್ಕೆ ನನ್ನ ಗಂಡನ ಉದ್ಯೋಗ ಏನೆಂದು ವಿಚಾರಿಸಿದರು.

ಒಟ್ಟು ಏಳು ಬಂದವು. ಒಂದು ಪಟ್ಟಿಯ ಹಾಗೆ ನೆಟ್ಟಗೆ. ಒಂದು ಕುಡಗೋಲು. ಒಂದು ಹಾವು ನಡು ತಿರುವಿದ ಹಾಗೆ. ಒಂದಕ್ಕೆ ಎರಡು ಬೆರಳಿಡುವಷ್ಟು ಅಗಲ, ಒಂದರ ಮೈತುಂಬ ತೂತು, ಇನ್ನೊಂದು ಹಣಿಗೆಯ ಹಲ್ಲಿನಷ್ಟು ತೆಳು. ಏಳನೆಯದಕ್ಕೆ ತುದಿಯಲ್ಲಿ ಒಂದು ಪುಟ್ಟ ಗಾಲಿ! ಇವನ್ನೆಲ್ಲ ಇಡಲು ಅವನಿಗೆ ಏಳು ಖಾನೆಯ ಡಬ್ಬಿ ಬೇಕಾಯಿತು. ಕರ್ನಾಟಕದ ಯಾವ ಮನೆಯಲ್ಲಿ ಏಳು ಬಟ್ಟಲಿನ ಸ್ಟೀಲು ಡಬ್ಬಿ ಇಲ್ಲ ಹೇಳಿ? ನನ್ನ ಎರಡು ಮಸಾಲೆ ಡಬ್ಬಿಗಳಲ್ಲಿ ಒಂದು ಅವನ ಪಾಲಾಯಿತು. ಪ್ರತಿ ಭಾನುವಾರ ಬರುವನು, ನನ್ನ ಅಡುಗೆ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುವನು, ಒಂದೊಂದನ್ನೇ ಬಂದೂಕಿನ ಹಿಡಿಕೆಗೆ ಸಿಕ್ಕಿಸಿ, ಕೂದಲಿನಂಥ ಸ್ಕ್ರೂ ತಿರುವಿ, ಕಣ್ಣು ಮುಚ್ಚಿ ಎಳೆಯುವನು. ಟಿಕ್. ತಲೆ ಅಲ್ಲಾಡಿಸುವನು. ಮತ್ತೊಂದು. ಟಿಕ್. ಮತ್ತೆ ತಲೆ.

ಒಂದು ಭಾನುವಾರ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ನಮ್ಮ ಮನೆಯವರು ಮೊದಲ ತುತ್ತಿಗೇ ನಿಂತುಬಿಟ್ಟರು. ಕಟಕ್ ಎಂದು ಸದ್ದು ನನಗೂ ಕೇಳಿಸಿತು.

"ಏನಲೇ ಇದು, ಬದನಿಕಾಯಿಗೂ ಎಲುಬು ಬಂದಾವೇನು?"

ತಮ್ಮ ತಟ್ಟೆ ಬಿಟ್ಟು ಓಡಿಬಂದ. ಮಾಮಾನ ಹಲ್ಲು ನೋಡಲಿಕ್ಕೆ ಅಂದುಕೊಂಡಿರಾ? ಅವರ ಬಾಯಿಯಿಂದ ಬಂದದ್ದನ್ನು ನಲ್ಲಿಯ ಕೆಳಗೆ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಟ್ಟು ಹೇಳಿದ: "ಪುಣ್ಯಾ, ಗೀರು ಬಿದ್ದಿಲ್ಲ."

ರೈಲಿನಲ್ಲಿ ಆದದ್ದು ಇನ್ನೂ ಚೆಂದ. ಇಡೀ ಬಂದೂಕನ್ನು ಅಲ್ಲಿ ಹೊರಗೆ ತೆಗೆಯುವಂತಿಲ್ಲ, ಕಾನೂನು. ಇವನು ಕಾನೂನು ಪಾಲಿಸುವ ಪ್ರಾಣಿ. ಬರೀ ಹಿಡಿಕೆಯನ್ನು ನಾನು ಕಟ್ಟಿಕೊಟ್ಟ ಜೋಳದ ರೊಟ್ಟಿಯ ಚೀಲದೊಳಗೆ ಇಟ್ಟುಕೊಂಡು, ಕೈಯನ್ನೂ ಒಳಗೇ ಬಿಟ್ಟುಕೊಂಡು, ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತಿದ್ದ. ನಮ್ಮಂಥ ಬಣ್ಣದ ಮುಖ, ಕೈ ಚೀಲದ ಒಳಗೆ, ಒಳಗಿನಿಂದ ಟಿಕ್ ಟಿಕ್ ಟಿಕ್! ಎದುರಿನ ಸೀಟು ಖಾಲಿಯಾಯಿತು. ಪಕ್ಕದ್ದು ಖಾಲಿಯಾಯಿತು. ಕಂಡಕ್ಟರ್ ಬಂದು ಚೀಲದಲ್ಲಿ ಏನಿದೆ ಎಂದು ಕೇಳಿದರೆ ಇವನು ಸತ್ಯವನ್ನೇ ಹೇಳಿದ, "ರೊಟ್ಟಿ." ಚೀಲ ಬಿಚ್ಚಿಸಿ ನೋಡಿದ ಕಂಡಕ್ಟರ್ ಅರ್ಧ ಗಂಟೆ ಪ್ರಶ್ನೆ ಕೇಳಿದನಂತೆ. ಇಳಿಯುವ ಹೊತ್ತಿಗೆ ಟ್ರಿಗರಿನ ವಿಷಯ ಅವನಿಗೂ ಪೂರ್ತಿ ಗೊತ್ತಾಗಿ, ಕುಡಗೋಲಿನದೇ ಒಳ್ಳೆಯದು ಎಂದು ಸಲಹೆ ಕೊಟ್ಟು ಕಳಿಸಿದನಂತೆ.

ಇವನ್ನೆಲ್ಲ ನಾನು ಸುಮ್ಮನೆ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ಮೈಕು ಕೈಗೆ ಸಿಕ್ಕಿತು. ಬೆಂಗಳೂರು, ಮೈಸೂರಿನ ದೊಡ್ಡ ದೊಡ್ಡ ಇಂಜಿನಿಯರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳನೇ ಇಯತ್ತೆಯವಳ ಮಾತಿಗೆ! ಹಣಿಗೆಯ ಹಲ್ಲು, ಬದನೆಕಾಯಿಯ ಎಲುಬು, ತಮ್ಮ ತಲೆ ಅಲ್ಲಾಡಿಸುವ ರೀತಿ, ಒಂದೂ ಬಿಡಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದಿನ ಸಾಲಿನಲ್ಲಿ ಒಬ್ಬಟ್ಟು ಹಿಡಿದು ನಿಂತಿದ್ದ ನನ್ನ ತಮ್ಮ. ಆಗ ಯಾರೋ ಒಬ್ಬರು ಎದ್ದು ಅವನ ಕಡೆ ತಿರುಗಿ ಕೇಳಿದರು, "ಅಲ್ಲಾ ಸಾರ್, ಏಳು ಟ್ರಿಗರ್‌ನಲ್ಲಿ ಒಂದೂ ಸೆಟ್ ಆಗ್ಲಿಲ್ವಾ? ಪ್ರಾಬ್ಲಮ್ ಎಲ್ಲಿದೆ?"

ನನ್ನ ಕೈಯಲ್ಲಿದ್ದ ಮೈಕು ಭಾರವಾಯಿತು. ಪ್ರಾಬ್ಲಮ್ ಎಲ್ಲಿಂದ ಬಂತು ಎಂದು ಆ ಸಭೆಯಲ್ಲಿ ಗೊತ್ತಿದ್ದವರು ಇಬ್ಬರೇ.

ಪ್ರಾಬ್ಲಮ್ ಬೆರಳಿನಲ್ಲಿತ್ತು. ಅವನ ಬಲಗೈಯ ತೋರುಬೆರಳು ತುದಿಯ ಗೆಣ್ಣಿನಲ್ಲಿ ನಡುಬೆರಳಿನ ಕಡೆಗೆ ಸೊಟ್ಟಗೆ ತಿರುಗಿಕೊಂಡಿದೆ. ಬಾಗಿಸಲೂ ಬರುವುದಿಲ್ಲ, ನೆಟ್ಟಗೂ ಆಗುವುದಿಲ್ಲ. ಯಾವ ಟ್ರಿಗರಿನ ಮೇಲೆ ಇಟ್ಟರೂ ಪಕ್ಕಕ್ಕೆ ಜಾರುತ್ತದೆ.

"ಮೊಸಳಿ ಕಚ್ಚಿತ್ರೀ," ಅಂದ ತಮ್ಮ, ಬೆರಳು ಎತ್ತಿ ತೋರಿಸಿ, ಒಬ್ಬಟ್ಟು ಅಗಿಯುತ್ತಲೇ. ಸಭೆ ಮತ್ತೆ ನಕ್ಕಿತು.

ಈ ಮೊಸಳೆ ಹಳೆಯದು. ಈ ದೇಶದಲ್ಲಿ ವಾಸಿಸುವ ಪರವಾನಗಿಯ ಕಚೇರಿಯಲ್ಲಿ ಬೆರಳಚ್ಚು ತೆಗೆಯುವಾಗ ಈ ಬೆರಳು ಗಾಜಿನ ಮೇಲೆ ಕೂಡಲಿಲ್ಲ; ಅಲ್ಲಿಯ ಹುಡುಗಿ ಏನಾಯಿತೆಂದು ಕೇಳಿದಳು. ಮಲಪ್ರಭೆಯ ಮೊಸಳೆ ಎಂದು ಶುರು ಮಾಡಿದವನು ಅದರ ಹಲ್ಲಿನ ಲೆಕ್ಕದವರೆಗೆ ಹೋದ. ಪಾಪ, ಹುಡುಗಿ ನೀರು ತಂದುಕೊಟ್ಟಳು. ಇನ್ನು ಕೆಲವರಿಗೆ ಒಂಟೆ ಎಂದಿದ್ದಾನೆ, ಹಲ್ಲಿನ ಡಾಕ್ಟರಿಗೆ ಮಾತ್ರ ಗಾಳಿಪಟದ ದಾರ ಎಂದಿದ್ದಾನೆ. ನಮ್ಮ ಮನೆಯವರಿಗೆ ಹೇಳಿದ್ದು ಬಸ್ಸಿನ ಬಾಗಿಲು. ಅವರು ಇವತ್ತಿಗೂ ಅದನ್ನೇ ನಂಬಿದ್ದಾರೆ.

"ಎಡಗೈಲೆ ಹೊಡಿ ಅಲ್ಲಪಾ, ಇಷ್ಟ್ಯಾಕ ತ್ರಾಸು?" ಎಂದು ಅವರು ಒಮ್ಮೆ ಹೇಳಿ ನೋಡಿದರು.

"ಎಡಗೈಲೆ ನೀವು ಉಣ್ತೀರೇನ್ರಿ ಮಾಮಾ?"

ಅಲ್ಲಿಗೆ ಆ ಮಾತು ಮುಗಿಯಿತು.

ಸೆಪ್ಟೆಂಬರು ಬಂತು. ಎರಡು ವಾರ ಉಳಿದಿರುವಾಗ ಅಡುಗೆ ಮನೆಗೆ ಬಂದು ನಿಂತ. ಏಳೂ ಆಗುವುದಿಲ್ಲ, ಎಂಟನೆಯದನ್ನು ತಾನೇ ಮಾಡಿಸುವುದಾಗಿ ಹೇಳಿದ. ಆಫೀಸಿನಲ್ಲಿ ಪ್ಲಾಸ್ಟಿಕ್ಕನ್ನು ಬೇಕಾದ ಆಕಾರಕ್ಕೆ ಎರೆದುಕೊಡುವ ಯಂತ್ರವಿದೆಯಂತೆ, ಅಳತೆ ಒಂದು ಬೇಕಂತೆ.

"ಅಕ್ಕಾ, ಚಪಾತಿ ಹಿಟ್ಟು ಒಂದು ಉಂಡಿ ಕೊಡು. ಬೆರಳಿಂದು ಅಚ್ಚು ತಗಿಯೂದೈತಿ."

ಕೊಟ್ಟೆ. ಅವನು ಹಿಟ್ಟಿನ ಉಂಡೆಯೊಳಗೆ ತೋರುಬೆರಳು ಚುಚ್ಚಿ ನನ್ನ ಮುಂದೆ ಹಿಡಿದ. "ನಾ ಅಲಗಾಡಂಗಿಲ್ಲ. ನೀ ಸುತ್ತಲೂ ಗಟ್ಟಿಯಾಗಿ ಒತ್ತು."

ನನ್ನ ಕೈ ಮುಂದೆ ಹೋಗಲಿಲ್ಲ.

"ಒತ್ತ ಬೇ. ಏನೂ ಆಗಂಗಿಲ್ಲ."

ಆ ಮಾತು ನನ್ನದು. ನಾನೇ ಅವನಿಗೆ ಹೇಳಿದ್ದು, ನನಗೆ ಹತ್ತು ವರ್ಷ, ಅವನಿಗೆ ಆರು ಇದ್ದಾಗ. ನಮ್ಮ ಓಣಿಗೆಲ್ಲ ಶಾವಿಗೆಯ ಯಂತ್ರ ಒಂದೇ. ಬೇಸಿಗೆಯಲ್ಲಿ ಮನೆಯಿಂದ ಮನೆಗೆ ಪಾಳಿಯ ಮೇಲೆ ತಿರುಗುತ್ತಿತ್ತು. ಒಂದು ಮನೆಗೆ ಒಂದು ಮುಂಜಾನೆ. ಬಿಸಿಲು ಏರುವುದರೊಳಗೆ ಮುಗಿಸಿ ಮುಂದಿನ ಮನೆಗೆ ಒಪ್ಪಿಸಬೇಕು. ಅವ್ವ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಕೆಳಗೆ ನಾನು ಹಿಡಿಕೆ ತಿರುವುತ್ತಿದ್ದೆ, ತಮ್ಮ ಮೇಲಿನಿಂದ ಹಿಟ್ಟು ಒತ್ತುತ್ತಿದ್ದ. ಹಿಟ್ಟು ಒತ್ತಲು ಒಂದು ಕಟ್ಟಿಗೆಯ ತುಂಡು ಇತ್ತು. ಅದನ್ನು ಹಿಂದಿನ ದಿನ ಚಿನ್ನಿದಾಂಡಿಗೆ ಒಯ್ದು ಕಳೆದವಳು ನಾನು. "ಬೆರಳಿಲೆ ಒತ್ತು, ಏನೂ ಆಗಂಗಿಲ್ಲ" ಅಂದೆ. ಹೂಂ ಅಂದ. ಪಕ್ಕದ ಮನೆಯವರು ಬಾಗಿಲಲ್ಲಿ ಬಂದು ಯಂತ್ರ ಆಯಿತೇ ಎಂದು ಕೂಗಿದರು. ನಾನು ಜೋರಾಗಿ ತಿರುವಿದೆ.

ಅವ್ವ ಓಡಿಬಂದು ಅರಿಶಿನ ಒತ್ತುತ್ತ ಕೇಳಿದಳು, "ಯಾರಲೇ ಬೆರಳು ಹಾಕಂತ ಹೇಳಿದವರು?"

"ತಾನ ಹಾಕಿದ," ಅಂದೆ ನಾನು.

"ಹೌದೇನೋ?"

ಅವನು ಅಳು ನಿಲ್ಲಿಸಿ ನನ್ನ ಮುಖ ನೋಡಿದ. "ಹೂಂ," ಅಂದ. ಅವ್ವ ಒಂದು ಕೈಯಲ್ಲಿ ಬೆರಳು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅವನ ಬೆನ್ನಿಗೆ ಎರಡು ಹಾಕಿದಳು. ಆ ವರ್ಷ ಅವನು ಪೆನ್ಸಿಲ್ ಹಿಡಿಯುವುದನ್ನು ಎರಡನೆಯ ಸಲ ಕಲಿತ. ಅವ್ವ ತೀರಿಕೊಳ್ಳುವವರೆಗೂ ಅದು ಅವನದೇ ತಪ್ಪಾಗಿ ಉಳಿಯಿತು. ಮೊಸಳೆ, ಒಂಟೆ, ಬಸ್ಸು ಎಲ್ಲ ಆಮೇಲೆ ಬಂದವು. ಕೇಳಿದವರೆಲ್ಲ ಮೊಸಳೆಯ ಹಿಂದೆ ಹೋದರೆ ಅಕ್ಕನ ಹತ್ತಿರ ಯಾರೂ ಬರುವುದಿಲ್ಲವಲ್ಲ! ಅಂಥವನನ್ನು ನಾನು ಮೈಕು ಹಿಡಿದು ನಗೆಪಾಟಲು ಮಾಡಿದೆ.

ಹಿಟ್ಟಿನ ಮುಂದೆ ಆವತ್ತು ಹೇಳಬಹುದಿತ್ತು. "ಹಾಲು ಉಕ್ಕಾಕತ್ತೈತಿ" ಎಂದು ತಿರುಗಿಕೊಂಡೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಅವನು ಎಡಗೈಯಿಂದ ತಾನೇ ಒತ್ತಿಕೊಂಡು, ಅದನ್ನು ನನ್ನ ಓವನ್ನಿನಲ್ಲಿ ಸುಟ್ಟು ಗಟ್ಟಿ ಮಾಡಿ, ಬೆರಳಿನ ತಗ್ಗಿರುವ ಆ ಬಿಸ್ಕೀಟನ್ನು ಮಸಾಲೆ ಡಬ್ಬಿಯಲ್ಲಿಟ್ಟುಕೊಂಡು ಹೋದ.

ಕೊನೆಯ ಭಾನುವಾರ ನಾನೂ ಕಾಡಿಗೆ ಹೋದೆ. ಎಂಟನೆಯ ಟ್ರಿಗರು ಕಪ್ಪಗೆ, ಅಂಕುಡೊಂಕಾಗಿ, ಯಾರೋ ಕಚ್ಚಿ ಉಗಿದ ಹಾಗಿತ್ತು. ಆದರೆ ಅವನ ಬೆರಳು ಅದರೊಳಗೆ ಕೂತಿತು ನೋಡಿ, ಜಾರಲಿಲ್ಲ! ಮೂರು ಜನರನ್ನು ಹೊಡೆದು ಹಾಕಿದ. ನಾಲ್ಕನೆಯ ಗುಂಡು ತಮ್ಮದೇ ತಂಡದ ಕ್ಯಾಪ್ಟನ್ನಿನ ಎದೆಗೆ ಬಿತ್ತು. ಅಭ್ಯಾಸವಿಲ್ಲದವನಿಗೆ ಒಮ್ಮೆಲೇ ಜಾಗ ಸಿಕ್ಕರೆ ಹೀಗೇ! ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆ ಕ್ಯಾಪ್ಟನ್ ಎದೆಯ ಕಿತ್ತಳೆ ಬಣ್ಣ ಒರೆಸಿಕೊಳ್ಳುತ್ತ ಬಂದು, ಮುಂದಿನ ವರ್ಷ ನೀನು ನನ್ನ ಮುಂದೆ ನಿಲ್ಲು, ಹಿಂದೆ ಬೇಡ ಅಂದ. ಆಮೇಲೆ ಆ ವಿಚಿತ್ರ ಟ್ರಿಗರನ್ನೂ ಬೆರಳನ್ನೂ ನೋಡಿದ. ಇದು ಮೊಸಳೆ ಕಚ್ಚಿದ್ದು ನಿಜವೇ ಎಂದು ನನ್ನ ಕಡೆ ತಿರುಗಿ ಡಚ್ಚಿನಲ್ಲಿ ಕೇಳಿದ.

ನನಗೆ ಬರುವ ಡಚ್ಚು ತರಕಾರಿ ಕೊಳ್ಳುವಷ್ಟು. ಅದರಲ್ಲಿ ಎರಡು ಮಾತು ಸಾಕಾದವು.

"ನೇ," ಅಂದೆ, ಇಲ್ಲ. "ಇಕ್," ಅಂದೆ, ಎದೆಯ ಮೇಲೆ ಕೈಯಿಟ್ಟುಕೊಂಡು. ನಾನು.

ಕ್ಯಾಪ್ಟನ್ನಿಗೆ ಏನು ತಿಳಿಯಿತೋ, ನನ್ನ ಹಲ್ಲನ್ನೊಮ್ಮೆ ನೋಡಿ ಹಿಂದೆ ಸರಿದ. ತಮ್ಮನಿಗೆ ಮಾತ್ರ ಸಿಟ್ಟು ಬಂತು.

"ಯಾಕ ಹೇಳಿದಿ? ಮೊಸಳಿ ಎಷ್ಟು ಚಲೋ ಇತ್ತು!"

"ಮೂವತ್ತು ವರ್ಷ ಆತೋ ತಮ್ಮಾ. ನಾನ ತಿರುವಿದ್ದು."

"ನಂಗೊತ್ತಿಲ್ಲೇನು? ಬೆರಳು ಯಾರದು?"

ನಾನು ಅಳುತ್ತಿದ್ದೆ. ಅವನಿಗೆ ಅಳುವವರ ಮುಂದೆ ಏನು ಮಾಡಬೇಕೆಂದು ಚಿಕ್ಕಂದಿನಿಂದಲೂ ತಿಳಿಯದು, ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುತ್ತಾನೆ. ಬಂದೂಕನ್ನೇ ಕೊಟ್ಟ. ಎದುರಿಗೆ ಗುರಿ ಹೊಡೆಯಲು ಒಂದು ಹಳೆಯ ಡ್ರಮ್ಮು ಇತ್ತು. "ಹೊಡಿ," ಅಂದ.

ನಾನು ಟ್ರಿಗರಿನ ಮೇಲೆ ಬೆರಳಿಟ್ಟೆ. ಜಾರಿತು. ಇನ್ನೊಮ್ಮೆ ಇಟ್ಟೆ. ಆ ತಗ್ಗು ಒಂದು ಕಡೆಗೆ ತಿರುಗಿತ್ತು, ನನ್ನ ನೆಟ್ಟಗಿನ ಬೆರಳು ಎಷ್ಟು ಒತ್ತಿದರೂ ಅದರಲ್ಲಿ ಕೂಡಲಿಲ್ಲ.

ಅವನು ನಿಧಾನವಾಗಿ ನನ್ನ ಕೈಯಿಂದ ಬಂದೂಕು ತೆಗೆದುಕೊಂಡ.

"ನಿಂಗ ಬರಂಗಿಲ್ಲ ಬಿಡಕ್ಕಾ," ಅಂದ. "ಇದಕ್ಕ ಬೆರಳು ಸೊಟ್ಟ ಇರಬೇಕು."