ಲೇತಪ್ಪನ ಶ್ರುತಿ

ಎಲ್ಲ ಶುರುವಾದದ್ದು ಒಂದು ಮಂಚದಿಂದ.

ರಜೆಯ ದಿನ ಬೆಳಿಗ್ಗೆ ಲೇತಪ್ಪ ಕಾಫಿ ಲೋಟ ತುಟಿಗೆ ತಾಗಿಸಿದ್ದ, ಅಷ್ಟೇ. ಹೆಂಡತಿ ಫೋನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ರೀ, ನಿಮ್ಮಕ್ಕ ಫೋನ್ ಮಾಡಿದ್ರು. ಅತ್ತೆ ಇವತ್ತು ಮಧ್ಯಾಹ್ನವೇ ಬರ್ತಾರಂತೆ. ಇನ್ಮೇಲೆ ಇಲ್ಲೇ ಇರ್ತಾರಂತೆ.”

“ಬರ್ಲಿ ಬಿಡು, ಒಳ್ಳೇದೇ ಆಯ್ತು. ಅಕ್ಕ ಇನ್ನೇನಂದ್ಲು?”

“‘ನಮ್ಮನೆಯವರೂ ಸ್ವಲ್ಪ ಸುಧಾರಿಸ್ಕೊಳ್ಳಲಿ’ ಅಂದ್ರು. ನಿಮ್ಮ ಭಾವಂಗೆ ಏನಾಗಿದೆ ಅಂತ ಕೇಳೋಷ್ಟರಲ್ಲಿ ಇಟ್ಬಿಟ್ರು. ಅದಿರ್ಲಿ, ಮಂಚ ಎಲ್ಲಿ ಹಾಕೋದು?”

ಲೇತಪ್ಪನ ನೋಟ ತಾನಾಗಿಯೇ ಹಿಂದಿನ ಕೋಣೆಯ ಕಡೆ ಹೋಯಿತು. ಹೆಂಡತಿಯ ನೋಟವೂ ಅಲ್ಲಿಗೇ ಹೊರಟಿತ್ತು. ಎರಡೂ ಹೊಸಿಲ ಮೇಲೆ ಡಿಕ್ಕಿ ಹೊಡೆದುಕೊಂಡವು.

ಲೇತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವನು. ಇಡೀ ದಿನ ತುಟಿಯ ಮೇಲೆ ಬೆರಳಿಟ್ಟು ಜನರನ್ನು ಸುಮ್ಮನಿರಿಸುವುದೇ ಅವನ ಉದ್ಯೋಗ. ಅಲ್ಲಿ ಕೇಳಿಬರುವ ಅತಿ ದೊಡ್ಡ ಶಬ್ದವೆಂದರೆ ಯಾರಾದರೂ ಆಕಳಿಸಿದ್ದು. ಅಂಥ ಮನುಷ್ಯ ಒಂದು ದಿನ ಗುಜರಿಯವನ ಗಾಡಿಯಲ್ಲಿ ತುಕ್ಕಿನ ಗುಡ್ಡೆಯಂಥ ಒಂದು ಹಳೆಯ ಲೇತನ್ನು, ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗಿಸಿ ಹೆರೆಯುವ ಆ ಯಂತ್ರವನ್ನು, ಮನೆಗೆ ಹೊರಿಸಿಕೊಂಡು ಬಂದ. ಅಂದಿನಿಂದ ಅವನ ನಿಜವಾದ ಹೆಸರಿಗೇ ತುಕ್ಕು ಹಿಡಿಯಿತು.

ಲೇತಿನಿಂದ ಅವನು ಏನನ್ನಾದರೂ ಮಾಡಬೇಕೆಂದಿದ್ದನೇ? ಇಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಶಬ್ದ.

ಅವನ ಅಪ್ಪ ಟರ್ನರು, ಲೇತು ಓಡಿಸುವವರು. ಕಾರ್ಖಾನೆಯಿಂದ ಬಂದು ಉಂಡ ಮೇಲೂ ಮನೆಯ ಹಿಂದಿನ ಕೋಣೆಯಲ್ಲಿ ಇಂಥದೇ ಒಂದು ಲೇತಿನ ಮುಂದೆ ನಿಲ್ಲುತ್ತಿದ್ದವರು. ನಡುಮನೆಯಲ್ಲಿ ಚಾಪೆಯ ಮೇಲೆ, ಅಮ್ಮನ ಸೆರಗು ಹಿಡಿದು ಮಲಗಿದ ಮಗುವಿಗೆ ಕತ್ತಲೊಳಗಿಂದ ಆ ಶಬ್ದ ತೇಲಿ ಬರುತ್ತಿತ್ತು. ಗುಂ... ಗುಂ... ಎಂದು ಏರಿ, ಪದ್ಯದ ನಡುವೆ ಯತಿ ಬಂದಂತೆ ಒಂದು ಗಳಿಗೆ ನಿಂತು, ಮತ್ತೆ ಗುಂ ಎಂದು ಇಳಿಯುವುದು. ಆ ಯತಿಯಲ್ಲಿ ಇಡೀ ಲೋಕವೇ ಉಸಿರು ಹಿಡಿದು ನಿಂತಂತೆ. ಮತ್ತೆ ಗುಂ ಎಂದಾಗ, ದೇವರು ಇದ್ದಾನೆ, ಎಲ್ಲ ಸರಿಯಿದೆ ಎಂದು ಯಾರೋ ತಲೆ ಸವರಿದಂತೆ. ಶಾಲೆಗೆಂದು ಅವನನ್ನು ಹಾಸ್ಟೆಲಿಗೆ ಸೇರಿಸಿದರು. ಶಬ್ದ ಅಲ್ಲಿಗೇ ನಿಂತಿತು. ಆಮೇಲೆ ಅಪ್ಪ ಹೋದರು, ಲೇತು ಹೋಯಿತು, ಅಮ್ಮ ಅಕ್ಕನ ಮನೆ ಸೇರಿದರು. ಅಂಥ ನಿದ್ದೆ ಮಾತ್ರ ಅವನಿಗೆ ಮತ್ತೆ ಬರಲಿಲ್ಲ.

“ಅದನ್ನ ತೆಗೀಬೇಡ ಕಣೇ,” ಎಂದ. “ಎಲ್ಲಾ ಬಿಚ್ಚಿ ಉಜ್ಜಿ ಆಗಿದೆ. ಜೋಡಿಸೋದೊಂದೇ ಬಾಕಿ.”

“ನೀವು ಉಜ್ಜಿದ್ದು ನಂಗೆ ಗೊತ್ತಿಲ್ವಾ? ನನ್ನ ದೊಡ್ಡ ಪಾತ್ರೇಲಿ ಇನ್ನೂ ಸೀಮೆಎಣ್ಣೆ ವಾಸನೆ ಹೋಗಿಲ್ಲ. ಆಯ್ತು, ಒಂದು ಮಾತು. ಸಂಜೆ ದೀಪ ಹಚ್ಚೋ ಹೊತ್ತಿಗೆ ನಿಮ್ಮ ಲೇತು ಆ ಶಬ್ದ ಮಾಡ್ಲಿ. ಮಾಡಿದ್ರೆ ಅದು ಇಲ್ಲೇ ಇರ್ಲಿ, ಅತ್ತೆಗೆ ಹಾಲ್ ಬಿಟ್ಟು ನಾವು ಅಡುಗೆಮನೇಲಿ ಮುದುರ್ಕೊಂಡು ಮಲಗೋಣ. ನಾನು ತುಟಿ ಬಿಚ್ಚಲ್ಲ. ಮಾಡ್ಲಿಲ್ವಾ, ಗುಜರಿಯವನು ಬಂದು ಹೊತ್ಕೊಂಡು ಹೋಗ್ತಾನೆ. ಆಗ್ಲೇ ಹೇಳಿ ಕಳ್ಸಿದೀನಿ.”

“ಅದೇ ಶಬ್ದ ಅಂತ ತೀರ್ಪು ಕೊಡೋರು ಯಾರು?”

“ನೀವೇ. ದೇವರ ಮುಂದೆ ಕೂತು ಹೇಳೋ ಹಾಗೆ ಹೇಳ್ಬೇಕು.”

ಹೆಂಡತಿಗೆ ಅವನ ದೌರ್ಬಲ್ಯ ಗೊತ್ತಿತ್ತು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಹಿಂದಿನ ಕೋಣೆಗೆ ಹೋಗಿ ನಿಂತ. ಕಿಟಕಿಯ ಬಿಸಿಲು ಲೇತಿನ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಮಲಗಿತ್ತು. ಎಷ್ಟೋ ರಜೆಗಳನ್ನು ಅವನು ಅದಕ್ಕಾಗಿಯೇ ಸವೆಸಿದ್ದ. ಎಮರಿ ಕಾಗದದಿಂದ ಉಜ್ಜಿ, ಎಣ್ಣೆಬಟ್ಟೆಯಿಂದ ಒರೆಸಿ, ಮತ್ತೆ ಉಜ್ಜಿ. ಈಗ ತುಕ್ಕಿನ ಕೆಳಗಿನಿಂದ ಕಬ್ಬಿಣ ಬೆಳ್ದಿಂಗಳಿನ ಹಾಗೆ ಎದ್ದು ಬಂದಿತ್ತು. ಹಳೆಯ ಸೀರೆಯೊಂದರ ಮೇಲೆ ಹಿಡಿಕೆಗಳು, ಹಲ್ಲುಗಾಲಿಗಳು, ತಿರುಪುಗಳು ಸಾಲಾಗಿ, ಪಂಕ್ತಿಯಲ್ಲಿ ಊಟಕ್ಕೆ ಕಾದವರಂತೆ ಕೂತಿದ್ದವು. ಅವನು ಕಣ್ಣು ಮುಚ್ಚಿ ಒಮ್ಮೆ ಕೈ ಮುಗಿದ. ಕಣ್ಣು ತೆರೆದಾಗ ಎದುರಿಗೆ ಗಾರ್ಡ್ ಸಾಹೇಬರು ನಿಂತಿದ್ದರು.

ಪಕ್ಕದ ಮನೆಯ ಗಾರ್ಡ್ ಸಾಹೇಬರು ರೈಲಿನಿಂದ ನಿವೃತ್ತರಾದವರು. ಸೀಟಿಯಿಂದ ಮಾತ್ರ ನಿವೃತ್ತರಾಗಿರಲಿಲ್ಲ. ಅದು ಈಗಲೂ ಕೊರಳಲ್ಲಿ ತೂಗುತ್ತಿತ್ತು.

“ಇವತ್ತು ಲೇತು ಓಡುತ್ತಂತೆ? ನಾನಿಲ್ದೆ ಹೇಗ್ರೀ ಓಡುತ್ತೆ?” ಎನ್ನುತ್ತ ಅವರು ಚಕ್ಕನ್ನು ಕೈಗೆತ್ತಿಕೊಂಡರು. ಚಕ್ಕು ಎಂದರೆ ಲೇತಿನ ಬಾಯಿ. ಅದರ ಮೂರು ದವಡೆಗಳು ಒಟ್ಟಿಗೆ ಮುಂದೆ ಬಂದು ಕಬ್ಬಿಣದ ತುಂಡನ್ನು ಕಚ್ಚಿಕೊಳ್ಳುತ್ತವೆ. ಲೇತಪ್ಪ ಬೇಡ ಎನ್ನುವಷ್ಟರಲ್ಲಿ ಸಾಹೇಬರು ದವಡೆಗಳನ್ನು ತೂರಿಸಿ, ಕೀಲಿ ತಿರುಗಿಸಿ, ಬೆವರು ಒರೆಸಿಕೊಂಡರು.

ದವಡೆಗಳು ಮುಂದೆ ಬಂದವು. ಆದರೆ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದು ಮುಂದೆ, ಒಂದು ಹಿಂದೆ, ಇನ್ನೊಂದು ಮುಖ ತಿರುಗಿಸಿಕೊಂಡು.

“ಡಿಫೆಕ್ಟ್ ಪೀಸು,” ಎಂದರು ಸಾಹೇಬರು.

“ಸಾರ್, ಅದರ ಬೆನ್ನ ಮೇಲೆ ಒಂದು, ಎರಡು, ಮೂರು ಅಂತ ನಂಬರ್ ಕೊರೆದಿದೆ. ಅದೇ ಸರದೀಲಿ ಹಾಕ್ಬೇಕು.”

“ನಮ್ಮ ಗಾಡೀಲಿ ಯಾವ ಡಬ್ಬಿ ಎಲ್ಲಿ ಸೇರಿಸಿದ್ರೂ ಓಡ್ತಿತ್ತಪ್ಪ.”

ದವಡೆಗಳನ್ನು ಬಿಚ್ಚಿ, ಸಾಹೇಬರಿಗೆ ಕಾಫಿ ಕೊಟ್ಟು, ಸರದಿಯಲ್ಲಿ ಮತ್ತೆ ಕೂರಿಸುವಷ್ಟರಲ್ಲಿ ಬಿಸಿಲು ಹಾಸಿನಿಂದ ಇಳಿದು ನೆಲಕ್ಕೆ ಬಂದಿತ್ತು.

ಆಮೇಲೆ ಬಂದವಳು ಹೊಲಿಗೆ ಅಕ್ಕ. ಎದುರುಮನೆಯ ಜಗುಲಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು, ಬೀದಿಯವರ ಬಟ್ಟೆಯನ್ನೂ ಸುದ್ದಿಯನ್ನೂ ಒಟ್ಟಿಗೆ ಹೊಲಿಯುತ್ತಿದ್ದವಳು. ಮೋಟಾರಿನಿಂದ ಲೇತಿಗೆ ಹೋಗುವ ತೊಗಲಿನ ಬೆಲ್ಟನ್ನು ಹೊಲಿದು ತರುತ್ತೇನೆಂದು ಅವಳು ಮೊದಲೇ ಒಪ್ಪಿಕೊಂಡಿದ್ದಳು.

“ನೀನು ಆ ಕಡೆ ಸರಿಯಪ್ಪ ಲೇತಪ್ಪ, ನಾನು ಹಾಕ್ತೀನಿ. ಬೆಲ್ಟಿನ ಮರ್ಮ ಗಂಡಸರಿಗೆ ಏನು ಗೊತ್ತು?”

“ಅಕ್ಕಾ, ನೆಟ್ಟಗೆ ಹಾಕು, ಸಾಕು.”

“ನೆಟ್ಟಗೆ ಹಾಕಿದ್ರೆ ಜಾರುತ್ತೆ. ನಡುವೆ ಒಂದು ತಿರುವು ಕೊಡ್ಬೇಕು. ಆಗ ನೋಡು, ಸೊಸೆ ಬೀಗದಕೈ ಹಿಡಿದ ಹಾಗೆ ಹಿಡ್ಕೊಳ್ಳುತ್ತೆ.”

ಅವಳು ಹೇಳಿದ್ದು ಸುಳ್ಳಲ್ಲ. ತಿರುವಿ ಹಾಕಿದ ಬೆಲ್ಟು ಜಾರುವುದಿಲ್ಲ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಯಂತ್ರವನ್ನು ಹಿಂದುಮುಂದಾಗಿ ತಿರುಗಿಸುತ್ತದೆ. ಬೇರಿಂಗಿಗೆ ಎಣ್ಣೆ ಬಿಡುತ್ತ ಕಣ್ಣು ಮುಚ್ಚಿ, ಇನ್ನೇನು ಕೇಳಲಿರುವ ಆ ಗುಂಕಾರದ ಕನಸಿನಲ್ಲಿದ್ದ ಲೇತಪ್ಪ ಇದನ್ನು ನೋಡಲೇ ಇಲ್ಲ.

ಸಾಹೇಬರು ಸೀಟಿ ಊದಿದರು. ಲೇತಪ್ಪ ಸ್ವಿಚ್ಚು ಒತ್ತಿದ.

ಲೇತು ಉಲ್ಟಾ ತಿರುಗಿತು. ಸೀಸೆಯ ಮುಚ್ಚಳದ ಹಾಗೆ ಅದಕ್ಕೆ ತಿರುಪಿ ಕೂರಿಸಿದ್ದ ಚಕ್ಕು ಅಷ್ಟೇ ನಯವಾಗಿ ತಾನೇ ಬಿಚ್ಚಿಕೊಂಡು, ದೊಪ್ಪನೆ ನೆಲಕ್ಕೆ ಬಿದ್ದು, ಹೊಸಿಲು ದಾಟಿ, ಅಡುಗೆಮನೆಯಲ್ಲಿ ಹೆಂಡತಿಯ ಕಾಲ ಬಳಿ ಹಾದು, ಬಾಗಿಲಿನಿಂದ ಬೀದಿಗೆ ಇಳಿಯಿತು.

“ಅಯ್ಯೋ, ಹಿಡೀರಿ!”

ಇಳಿಜಾರಿನ ಬೀದಿ. ಚಕ್ಕು ಹಳೆಯ ಪರಿಚಯದವರ ಮನೆಗೆ ಹೊರಟ ಮುದುಕನಂತೆ ಅತ್ತಿತ್ತ ನೋಡದೆ ಉರುಳಿತು. ಹಿಂದೆ ಎಣ್ಣೆಕೈಯ ಲೇತಪ್ಪ, ಅವನ ಹಿಂದೆ ಸೀಟಿ ಊದುತ್ತ ಸಾಹೇಬರು, ಅವರ ಹಿಂದೆ ಕೊರಳಲ್ಲಿ ಅಳತೆಪಟ್ಟಿ ಹಾರಿಸುತ್ತ ಹೊಲಿಗೆ ಅಕ್ಕ. ಬೀದಿಯ ತುದಿಯಲ್ಲಿ ಗುಜರಿಯವನು ಗಾಡಿ ನಿಲ್ಲಿಸಿಕೊಂಡು ಬೀಡಿ ಹಚ್ಚುತ್ತಿದ್ದ. ಚಕ್ಕು ನೇರವಾಗಿ ಹೋಗಿ ಅವನ ಗಾಡಿಯ ಗಾಲಿಗೆ ಒರಗಿ ನಿಂತಿತು.

“ಏನ್ ಸಾರ್,” ಎಂದ ಗುಜರಿಯವನು, “ಸಂಜೆ ಬರ್ತೀನಿ ಅಂದಿದ್ನಲ್ಲ. ಅಷ್ಟರೊಳಗೆ ಒಂದೊಂದಾಗಿ ಕಳಿಸ್ತಿದೀರಾ?”

ಲೇತಪ್ಪ ಚಕ್ಕನ್ನು ಕೂಸಿನಂತೆ ಎದೆಗೊತ್ತಿಕೊಂಡು ಏರಿ ಬರುವ ಹೊತ್ತಿಗೆ ಮನೆಯ ಮುಂದೆ ಅಮ್ಮ ಆಟೋದಿಂದ ಇಳಿಯುತ್ತಿದ್ದರು.

“ಏನೋ ಇದು ವೇಷ? ಮುಖಕ್ಕೆಲ್ಲ ಮಸಿ ಬಳ್ಕೊಂಡು?”

“ಅಮ್ಮಾ, ಅಪ್ಪನ ಲೇತು! ಅಂಥದೇ! ಬಾ, ತೋರಿಸ್ತೀನಿ.”

ಬೆಲ್ಟು ನೆಟ್ಟಗಾಯಿತು. ಚಕ್ಕು ಬಿಗಿಯಾಯಿತು. ಸ್ಟೂಲಿನ ಮೇಲೆ ಅಮ್ಮ ಕೂತರು. ಬಾಗಿಲಲ್ಲಿ ಹೆಂಡತಿ ನಿಂತಳು. ಸಾಹೇಬರು ಈ ಸಲ ಸೀಟಿಯನ್ನು ಬಾಯಿಗೆ ತರುವ ಮೊದಲು ಅಪ್ಪಣೆ ಕೇಳಿದರು. ಸ್ವಿಚ್ಚು ಒತ್ತಿದಾಗ ಲೇತು ತಿರುಗಿತು. ಸರಿಯಾದ ದಿಕ್ಕಿನಲ್ಲಿ, ಚೂರೂ ನಡುಗದೆ, ಬೆಳ್ಳಿಯ ಬುಗುರಿಯಂತೆ! ಹೊಲಿಗೆ ಅಕ್ಕ ಚಪ್ಪಾಳೆ ತಟ್ಟಿದಳು.

ಲೇತಪ್ಪ ತಲೆ ವಾರೆ ಮಾಡಿ ಕೇಳಿದ. ಝಿರ್ರ್... ಟಕ್. ಝಿರ್ರ್... ಟಕ್.

“ಟಕ್ ಅನ್ನೋದು ಬೆಲ್ಟಿನ ಹೊಲಿಗೆ ಗಂಟು,” ಎಂದಳು ಹೊಲಿಗೆ ಅಕ್ಕ. ಗಂಟನ್ನು ಬ್ಲೇಡಿನಿಂದ ಹೆರೆದು ನಯ ಮಾಡಿಕೊಟ್ಟಳು. ಟಕ್ ಹೋಯಿತು. ಝಿರ್ರ್ ಉಳಿಯಿತು. ಬೇರಿಂಗು ಸಡಿಲಿಸಿದ, ಬಿಗಿದ. ಎಣ್ಣೆ ಬಿಟ್ಟ, ಗ್ರೀಸು ಬಳಿದ. ಕಾಲಡಿಗೆ ರಬ್ಬರು ಕೊಟ್ಟ, ತೆಗೆದ. ಲೇತು ಝರ್ ಎಂದಿತು, ಝುರ್ ಎಂದಿತು, ಒಮ್ಮೆ ಬೆಕ್ಕಿನ ಹಾಗೆ ಮಿಯಾವ್ ಎಂದೂ ಅಂದಿತು. ಗುಂ ಎನ್ನಲಿಲ್ಲ. ಯತಿಯ ಸುಳಿವಂತೂ ಇಲ್ಲವೇ ಇಲ್ಲ. ಕಿಟಕಿಯ ಬಿಸಿಲು ಕೆಂಪಾಗಿ ಗೋಡೆ ಹತ್ತಿತು.

“ಅಮ್ಮಾ, ನೀನೇ ಹೇಳು. ಅಪ್ಪನ ಲೇತು ಹೇಗೆ ಸದ್ದು ಮಾಡ್ತಿತ್ತು?”

ಅಮ್ಮ ಆಕಳಿಸಿದರು. “ನಂಗೇನು ಗೊತ್ತೋ ಮಗಾ? ಇಡೀ ದಿನ ದುಡಿದು ಸಾಕಾಗಿರ್ತಿತ್ತು. ತಲೆ ಚಾಪೆಗೆ ತಾಗಿದ್ರೆ ಬೆಳಗ್ಗೆ ಕೋಳಿ ಕೂಗಿದಾಗ್ಲೇ ಎಚ್ಚರ. ಅವರ ಲೇತು ಹಾಡ್ತಿತ್ತೋ ಅಳ್ತಿತ್ತೋ, ಒಂದಿನಾನೂ ಕೇಳಿಸ್ಕೊಂಡಿಲ್ಲ. ಈಗ್ಲೂ ಅಷ್ಟೇ, ಎಲ್ಲಾದ್ರೂ ಒಂದು ದಿಂಬು ಕೊಟ್ರೆ ಸಾಕಪ್ಪ.”

ಹೆಂಡತಿ ದೀಪ ಹಚ್ಚಿ ಬಂದಳು. ಅವಳ ಹಿಂದೆ ಗುಜರಿಯವನೂ ಇಬ್ಬರು ಆಳುಗಳೂ ನಿಂತಿದ್ದರು.

“ರೀ, ಹೇಳಿ. ಅದೇ ಶಬ್ದನಾ?”

ಎಲ್ಲರೂ ಅವನನ್ನೇ ನೋಡಿದರು. ಹೂಂ ಎನ್ನಪ್ಪ ಎಂದು ಸಾಹೇಬರು ಕಣ್ಣಲ್ಲೇ ಹಸಿರು ಬಾವುಟ ತೋರಿಸಿದರು. ಹೂಂ ಎಂದರೆ ಮುಗಿಯಿತು, ಲೇತು ಅವನದು. ಹಾಸಿನ ಮೇಲಿನ ಬೆಳ್ದಿಂಗಳೂ ಅವನದು. ಅವನ ಬಾಯಿ ತೆರೆಯಿತು. ಆದರೆ ಆ ಚಾಪೆ, ಆ ಕತ್ತಲು, ತಲೆ ಸವರಿದ ಆ ಗುಂಕಾರ ನೆನಪಾದವು. ಅದರ ಹೆಸರಿನಲ್ಲಿ ಹೇಗೆ ಸುಳ್ಳಾಡುವುದು?

“ಅಲ್ಲ,” ಎಂದ ಲೇತಪ್ಪ.

ಹೆಂಡತಿಗೇ ಒಂದು ಗಳಿಗೆ ಅಯ್ಯೋ ಎನಿಸಿತು. “ಇನ್ನೊಂದು ಸಲ ನೋಡ್ತೀರಾ?” ಎಂದಳು. ಅವನು ತಲೆಯಾಡಿಸಿ, ಆಳುಗಳಿಗೆ ತಾನೇ ದಾರಿ ಬಿಟ್ಟ. ಲೇತನ್ನು ಗಾಡಿಗೇರಿಸುವಾಗ ಗುಜರಿಯವನು ಹಾಸಿನ ಮೇಲೆ ಕೈಯಾಡಿಸಿ, “ಎಂಥಾ ನುಣುಪು ಬರ್ಸಿದೀರ ಸಾರ್! ಪಕ್ಕದೂರಲ್ಲಿ ಒಬ್ರು ಇಂಥದಕ್ಕೇ ಬಾಯಿ ಬಿಡ್ತಾ ಇದ್ರು. ಈ ಗಳಿಗೇಲೇ ತಲುಪಿಸ್ತೀನಿ,” ಎಂದ. ಅದು ಸಮಾಧಾನವೋ ಬರೆಯೋ ಲೇತಪ್ಪನಿಗೆ ತಿಳಿಯಲಿಲ್ಲ.

ಖಾಲಿಯಾದ ಕೋಣೆಗೆ ಮಂಚ ಬಂತು. ಅಮ್ಮ ಮೈ ಚಾಚಿದರು. ನೆರೆಯವರು ಅವರವರ ಮನೆಗೆ ಹೋದರು. ಲೇತಪ್ಪ ಕೈಯನ್ನೂ ತೊಳೆಯದೆ ಹಾಲ್‌ನಲ್ಲಿ ಗೋಡೆಗೆ ತಲೆ ಕೊಟ್ಟು ನೆಲದ ಮೇಲೆ ಒರಗಿದ. ಮುಸ್ಸಂಜೆ ಮನೆಯೊಳಗೆ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಬೆರಳಿನಲ್ಲಿ ಇನ್ನೂ ಎಣ್ಣೆಯ ವಾಸನೆ. ಕಣ್ಣು ಮಂಜಾಯಿತು, ರೆಪ್ಪೆ ಮುಚ್ಚಿತು, ಮನೆ ದೂರ ಸರಿಯಿತು.

ಗುಂ...

ಲೇತಪ್ಪ ಅಲುಗಾಡಲಿಲ್ಲ. ಕನಸು ಒಡೆದೀತೆಂಬ ಭಯ.

ಗುಂ... ಗುಂ... ಏರಿತು, ಏರಿತು, ನಿಂತಿತು. ಲೋಕ ಉಸಿರು ಹಿಡಿಯಿತು. ಆಮೇಲೆ, ಆಹಾ, ಗುಂ ಎಂದು ಇಳಿಯಿತು.

ಅದೇ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಅದೇ ಶ್ರುತಿ, ಅದೇ ಯತಿ, ಅದೂ ಗೋಡೆಯಾಚೆಯಿಂದಲೇ. ಗುಜರಿಯವನು ಮನಸ್ಸು ಕರಗಿ ಲೇತನ್ನು ವಾಪಸು ತಂದನೇ? ಇಳಿಸುವಾಗ ಯಾವುದೋ ತಿರುಪು ತಾನಾಗಿ ಸರಿಯಾಯಿತೇ?

“ಬಂತು ಕಣೇ! ಅದೇ ಶಬ್ದ! ದೇವರಾಣೆಗೂ ಅದೇ!” ಎಂದು ಕೂಗುತ್ತ ಎದ್ದು, ಲೋಟ ಎಡವಿ, ಹಿಂದಿನ ಕೋಣೆಗೆ ನುಗ್ಗಿದ. ಅಡುಗೆಮನೆಯಿಂದ ಹೆಂಡತಿಯೂ ಸೌಟಿನ ಸಮೇತ ಓಡಿ ಬಂದಳು.

ಕೋಣೆಯಲ್ಲಿ ಲೇತಿರಲಿಲ್ಲ. ಅದರ ಕಾಲಿನ ಗುರುತು ಮಾತ್ರ ನೆಲದ ಮೇಲಿತ್ತು. ಮಂಚದ ಮೇಲೆ ಅಮ್ಮ ಅಂಗಾತ ಮಲಗಿ, ಬಾಯಿ ತುಸು ತೆರೆದು, ಲೋಕದ ಪರಿವೆಯೇ ಇಲ್ಲದೆ ನಿದ್ದೆ ಹೋಗಿದ್ದರು.

ಗುಂ... ಗುಂ... ಎಂದರು ಅಮ್ಮ. ತಡೆದರು. ಗುಂ ಎಂದರು.

ಗೊರಕೆಗೆ ಕಿಟಕಿಯ ಗಾಜು ಸಣ್ಣಗೆ ಝಣಗುಟ್ಟಿತು. ಹೆಂಡತಿ ಅಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು, ಸೌಟನ್ನು ನೋಡಿದಳು.

“ನಿಮ್ಮ ಭಾವ ಸುಧಾರಿಸ್ಕೊಳ್ಬೇಕಾಗಿದ್ದು ಇದ್ರಿಂದಾನಾ?” ಎಂದಳು ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ, “ರೀ, ಇದೇನಾ ಆ ಶಬ್ದ? ನನ್ನ ಪಾತ್ರೆಗಳೆಲ್ಲ ಸೀಮೆಎಣ್ಣೆ ಕುಡಿದಿದ್ದು ಇದಕ್ಕಾ?”

ಲೇತಪ್ಪ ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಿರಿಸಿದ. ಮೂತಿಗೆ ಮಸಿ ಹತ್ತಿತು. ಬೀದಿಯ ಕೊನೆಯಲ್ಲಿ ಗಾಡಿಯ ಸದ್ದು ಅಡಗಿ ಎಷ್ಟೋ ಹೊತ್ತಾಗಿತ್ತು. ಅವನು ಮಂಚದ ಕಾಲಿಗೆ ಒರಗಿ, ಲೇತಿದ್ದ ಜಾಗದಲ್ಲೇ ಕುಸಿದು ಕೂತ. ಅಳಬೇಕೆಂದುಕೊಂಡ. ಅಷ್ಟರಲ್ಲಿ ಕಣ್ಣು ಎಳೆಯಿತು.

ಮರುದಿನ ಎದ್ದಾಗ ಹೊತ್ತು ನೆತ್ತಿಗೇರಿತ್ತು, ಗ್ರಂಥಾಲಯದ ಬಾಗಿಲ ಮುಂದೆ ಜನ ಗಲಾಟೆ ಮಾಡುತ್ತಿದ್ದರಂತೆ. ಮನೆಯ ಮುಂದೆಯೂ ಜನ. ಕಣ್ಣು ಕೆಂಪಗಾಗಿದ್ದ ಗಾರ್ಡ್ ಸಾಹೇಬರೂ ತೂಕಡಿಸುತ್ತಿದ್ದ ಹೊಲಿಗೆ ಅಕ್ಕನೂ ಅವನ ದಾರಿ ಕಾಯುತ್ತಿದ್ದರು.

“ಅಲ್ಲಪ್ಪ ಲೇತಪ್ಪ,” ಎಂದಳು ಅಕ್ಕ, “ಅದನ್ನ ನಮ್ಮ ಕಣ್ಮುಂದೇನೇ ಗುಜರಿಗೆ ಕೊಟ್ಟೆ. ಮತ್ತೆ ಯಾವಾಗ ವಾಪಸ್ ತಂದು ಇಡೀ ರಾತ್ರಿ ಓಡಿಸಿದ್ಯೋ?”